ನಾಲ್ಕೂವರೆ ಅಡಿಯ ಮರೆ

2011ರ ಮಳೆಗಾಲ ಮುಗಿದ ಮೇಲಿನ ಒಂದು ಭಾನುವಾರ, ಮಡಿಕೇರಿಯ ನನ್ನ ಸೈಬರ್ ಸೆಂಟರಿನಲ್ಲಿ ಆಚಾರಿಯೊಬ್ಬರು ಪ್ಲೈವುಡ್ ಮರೆಗಳನ್ನು ಒಂದೊಂದಾಗಿ ಕುಯ್ದು ಗಿಡ್ಡ ಮಾಡಿದರು. ಸೈಬರ್ ಕೆಫೆಗಳಿಗಾಗಿ ಕೇಂದ್ರ ಸರ್ಕಾರ ಆ ವರ್ಷ ಹೊರಡಿಸಿದ ನಿಯಮಗಳ ಪ್ರಕಾರ ಕಂಪ್ಯೂಟರುಗಳ ನಡುವಿನ ಮರೆ ನೆಲದಿಂದ ನಾಲ್ಕೂವರೆ ಅಡಿ ಮೀರುವಂತಿರಲಿಲ್ಲ, ಮರೆಯಿಲ್ಲದ ಕಂಪ್ಯೂಟರುಗಳ ಪರದೆ ಹೊರಮುಖವಾಗಿರಬೇಕಿತ್ತು, ಬಂದವರ ಗುರುತಿನ ಚೀಟಿ ನೋಡಿ ಹೆಸರು ಬರೆದುಕೊಳ್ಳಬೇಕಿತ್ತು, ಅವರು ಯಾವ ಯಾವ ತಾಣ ನೋಡಿದರೆಂಬ ದಾಖಲೆಯನ್ನು ಒಂದು ವರ್ಷ ಕಾಪಿಡಬೇಕಿತ್ತು. ನನ್ನ ಮರೆಗಳು ಆರು ಅಡಿ ಇದ್ದವು. ಗರಗಸ ಕೈಯಲ್ಲಿ ಹಿಡಿದು ಆಚಾರಿ ಒಮ್ಮೆ ನಿಂತು ಕೇಳಿದರು: “ಇಷ್ಟು ಕುಯ್ದರೆ ನಿಂತವರಿಗೆ ಒಳಗಿದ್ದದ್ದೆಲ್ಲ ಕಾಣ್ತದಲ್ಲ ಅಣ್ಣ, ಆಗ್ತದಾ?” ಕಾಣಲಿ ಎಂದೇ ಕಾನೂನು ಮಾಡಿದ್ದು ಎಂದೆ. ಅವರು ನಕ್ಕರು. ನನಗೆ ನಗು ಬರಲಿಲ್ಲ, ಏಕೆಂದರೆ ಮೂಲೆಯ ಆರನೆಯ ಕಂಪ್ಯೂಟರಿನಲ್ಲಿ ಶುಕ್ರವಾರ ಶುಕ್ರವಾರ ಕೂರುತ್ತಿದ್ದ ಹುಡುಗನೊಬ್ಬ ಇನ್ನು ಬರಲಾರನೆಂದು ನನಗೆ ಆಗಲೇ ಅನಿಸಿತ್ತು.

ಆತ ಸಂತೆಯ ದಿನ ಸೋಮವಾರಪೇಟೆ ಕಡೆಯಿಂದ ಬರುತ್ತಿದ್ದ. ಗುರುತು ಸಿಗಬಾರದೆಂದು ಊರನ್ನು ನಾನು ಬದಲಿಸಿ ಬರೆದಿದ್ದೇನೆ. ಅವನ ಊರಿನಲ್ಲೂ ಸಂತೆಯಿತ್ತು, ಸೈಬರ್ ಅಂಗಡಿಯೂ ಇತ್ತು. ಪರಿಚಯದವರು ಬೆನ್ನ ಹಿಂದೆ ಸುಳಿಯದ ಒಂದು ಕುರ್ಚಿಗಾಗಿ ಆತ ಬಸ್ಸಿನ ದುಡ್ಡು ಕೊಟ್ಟು ಮಡಿಕೇರಿಗೆ ಬರುತ್ತಿದ್ದನೆಂದು ನನಗೆ ಅರ್ಥವಾಗಲು ಕೆಲವು ತಿಂಗಳು ಬೇಕಾದವು. ತರಕಾರಿ ಚೀಲವನ್ನು ಮೇಜಿನಡಿ ಇಟ್ಟು, ಅರ್ಧ ಗಂಟೆಯ ಹತ್ತು ರೂಪಾಯಿಯನ್ನು ಮೊದಲೇ ಕೊಟ್ಟು, ಒಂದು ಮಾತೂ ಆಡದೆ ಓದಿ ಎದ್ದು ಹೋಗುತ್ತಿದ್ದ. ಗಿರಾಕಿ ಎದ್ದ ಮೇಲೆ ಬ್ರೌಸರ್ ಹಿಸ್ಟರಿ ನೋಡುವುದು ತಪ್ಪು. ಒಮ್ಮೆ ನೋಡಿದ್ದೇನೆ. ಸೈಬರ್ ನಡೆಸಿದವರಿಗೆ ಮೂಲೆಯ ಕಂಪ್ಯೂಟರಿನಲ್ಲಿ ಏನು ಸಿಗುತ್ತದೆಂಬ ಒಂದು ಅಂದಾಜು ಇರುತ್ತದೆ. ಆ ಅಂದಾಜು ಅಲ್ಲಿ ಸುಳ್ಳಾಯಿತು. ಅವನು ಓದುತ್ತಿದ್ದುದು ಸುದ್ದಿ, ಗಂಡನ್ನೇ ಪ್ರೀತಿಸುವ ಗಂಡಸರು, ಹೆಣ್ಣನ್ನೇ ಪ್ರೀತಿಸುವ ಹೆಂಗಸರು ಮುಂತಾದವರ ಸಮುದಾಯಕ್ಕೆಂದು ಬರೆದ ಸುದ್ದಿ. 2008ರಲ್ಲಿ ಶುರುವಾದ ಗೇಸಿ, 2010ರಲ್ಲಿ ಶುರುವಾದ ಗೇಲ್ಯಾಕ್ಸಿ, ಲಂಡನ್ನಿನ ಪಿಂಕ್ ನ್ಯೂಸ್, ಇಂಥ ಸಂಬಂಧವನ್ನು ಅಪರಾಧವೆನ್ನುತ್ತಿದ್ದ ಸೆಕ್ಷನ್ 377ರ ವಿರುದ್ಧದ ದಿಲ್ಲಿಯ ಮೊಕದ್ದಮೆ ಸುಪ್ರೀಂ ಕೋರ್ಟಿನಲ್ಲಿ ಎಲ್ಲಿಗೆ ಬಂತೆಂಬ ವರದಿಗಳು. ಇಂಗ್ಲಿಷ್ ಅವನಿಗೆ ಸಲೀಸಾಗಿರಲಿಲ್ಲವೆಂದು ಕಾಣುತ್ತದೆ, ನಡುನಡುವೆ ಪದಗಳ ಅರ್ಥ ಹುಡುಕಿದ ಗುರುತುಗಳೂ ಇದ್ದವು. ಅವೇ ತಾಣಗಳನ್ನು ರಾತ್ರಿ ಷಟರ್ ಎಳೆದ ಮೇಲೆ, ಒಂದೇ ಟ್ಯೂಬ್‌ಲೈಟಿನ ಬೆಳಕಿನಲ್ಲಿ, ನಾನೂ ಓದುತ್ತಿದ್ದೆ. ಅವನಿಗೆ ಅದನ್ನು ಹೇಳಲಿಲ್ಲ. ಹಿಸ್ಟರಿ ಅಳಿಸುವುದನ್ನು ಮಾತ್ರ ಅಂದಿನಿಂದ ದಿನದ ಕೆಲಸ ಮಾಡಿಕೊಂಡೆ. ಹೊಸ ನಿಯಮ ಬಂದ ಮೇಲೆ ಅದೂ ಆಗದ ಕೆಲಸವಾಯಿತು. ಬಾಗಿಲಲ್ಲಿ ಅಂಟಿಸಿದ್ದ ‘ಗುರುತಿನ ಚೀಟಿ ಕಡ್ಡಾಯ’ ಎಂಬ ಹಾಳೆಯನ್ನು ಓದಿ ಅವನು ಮೆಟ್ಟಿಲಿನಿಂದಲೇ ಹಿಂದಿರುಗಿದ್ದನ್ನು ಒಳಗಿನಿಂದ ನೋಡಿದೆ.

ಅರ್ಧ ಗಂಟೆ ಓದಲು ಅಷ್ಟು ದೂರ ಬರುವ ಹಾಗೆ ಆ ಸುದ್ದಿಯಲ್ಲಿ ಏನಿತ್ತೆಂದು ಹೇಳಬೇಕಾದರೆ, ಅದಿಲ್ಲದಾಗ ಓದಲು ಏನಿತ್ತೆಂದು ಮೊದಲು ಹೇಳಬೇಕು. ನಾನು ಬೆಳೆದ ಕಾಲದಲ್ಲಿ ಪತ್ರಿಕೆಗಳಲ್ಲಿ ನನ್ನಂಥವರು ಎರಡು ಕಡೆ ಕಾಣುತ್ತಿದ್ದೆವು. ಒಂದು, ಅಪರಾಧ ಸುದ್ದಿಯ ಅಂಕಣ; ಇನ್ನೊಂದು, ವೈದ್ಯರು ಓದುಗರ ಪ್ರಶ್ನೆಗೆ ಉತ್ತರಿಸುವ ಪುಟ. ಮೊದಲನೆಯದರಲ್ಲಿ ‘ಅಸಹಜ’ ಎಂಬ ಪದ, ಎರಡನೆಯದರಲ್ಲಿ ‘ಮದುವೆಯಾದರೆ ಸರಿಹೋಗುತ್ತದೆ’ ಎಂಬ ಸಲಹೆ. ಇವುಗಳಲ್ಲಿ ಬರೆದವರಿಗೆ ದ್ವೇಷವಿತ್ತೆಂದು ನನಗೆ ಅನಿಸುವುದಿಲ್ಲ. ಒಂದು ವಾಕ್ಯ ಬರೆಯುವಾಗ ವರದಿಗಾರನ ಮನಸ್ಸಿನಲ್ಲಿ ಒಬ್ಬ ಓದುಗ ಕೂತಿರುತ್ತಾನೆ. ಕಾಫಿ ಧಾರಣೆ ಬರೆಯುವಾಗ ಬೆಳೆಗಾರ, ಕೆಇಬಿಯ ಪ್ರಕಟಣೆ ಹಾಕುವಾಗ ಕತ್ತಲಲ್ಲಿ ಕೂತ ಗೃಹಿಣಿ. ನಮ್ಮ ವಿಷಯ ಬರೆಯುವಾಗ ಮಾತ್ರ ಆ ಓದುಗ ಎಂದೂ ನಮ್ಮಲ್ಲೊಬ್ಬನಾಗಿರುತ್ತಿರಲಿಲ್ಲ. ‘ಇಂಥವರೂ ಇದ್ದಾರೆ ನೋಡಿ’ ಎಂದು ಪಕ್ಕದವನಿಗೆ ಹೇಳುವ ದನಿಯಲ್ಲಿ ಬರೆದ ಸುದ್ದಿಯನ್ನು, ಆ ‘ಇಂಥವನೇ’ ಕದ್ದು ಕೇಳಿಸಿಕೊಂಡ ಹಾಗೆ ನಾನು ಓದುತ್ತಿದ್ದೆ.

ಕದ್ದು ಕೇಳಿಸಿಕೊಳ್ಳುವುದಷ್ಟೇ ಆಗಿದ್ದರೆ ಸಹಿಸಬಹುದಿತ್ತು. 2010ರ ಫೆಬ್ರವರಿಯಲ್ಲಿ ಅಲಿಗಢದಲ್ಲಿ ಮರಾಠಿ ಪ್ರಾಧ್ಯಾಪಕ ಸಿರಾಸ್ ಅವರು ಗಂಡಸೊಬ್ಬನ ಜೊತೆ ಇದ್ದಾಗ ಅವರ ಮನೆಗೆ ಇಬ್ಬರು ಕ್ಯಾಮೆರಾ ಹಿಡಿದು ನುಗ್ಗಿದರು. ವಿಶ್ವವಿದ್ಯಾಲಯ ಅವರನ್ನು ಅಮಾನತು ಮಾಡಿತು. ಏಪ್ರಿಲ್ 1ರಂದು ಅಲಹಾಬಾದ್ ಹೈಕೋರ್ಟ್ ಅವರ ಪರವಾಗಿ ಆದೇಶ ಕೊಟ್ಟಿತು. ಒಂದು ವಾರ ಕಳೆಯುವ ಮೊದಲೇ ಅವರು ತಮ್ಮ ಕೋಣೆಯಲ್ಲಿ ಹೆಣವಾಗಿ ಸಿಕ್ಕರು. ಮರುವರ್ಷ ಫೆಬ್ರವರಿಯಲ್ಲಿ ಹೈದರಾಬಾದಿನ ತೆಲುಗು ಸುದ್ದಿವಾಹಿನಿಯೊಂದು ಡೇಟಿಂಗ್ ತಾಣದಲ್ಲಿದ್ದ ಗಂಡಸರ ಮುಖಗಳನ್ನೂ ಫೋನ್ ಮಾತುಗಳನ್ನೂ ‘ರಹಸ್ಯ ಕಾರ್ಯಾಚರಣೆ’ಯ ಹೆಸರಿನಲ್ಲಿ ಬಿತ್ತರಿಸಿತು, ಸುದ್ದಿವಾಹಿನಿಗಳ ಸ್ವನಿಯಂತ್ರಣ ಮಂಡಳಿ ಅದಕ್ಕೆ 1 ಲಕ್ಷ ರೂಪಾಯಿ ದಂಡ ಹಾಕಿತು. ಆ ದಂಡದ ಸುದ್ದಿಯನ್ನು ನಾನು ಓದಿದ್ದು ಸಮುದಾಯದ ತಾಣವೊಂದರಲ್ಲಿ. ಅಲ್ಲಿ ಸುದ್ದಿಯ ಕೊನೆಗೆ ಇನ್ನೊಂದು ವಿಷಯವಿತ್ತು: ನಿಮ್ಮ ಮೇಲೆ ಹೀಗೇ ಆದರೆ ದೂರನ್ನು ಯಾರಿಗೆ ಬರೆಯಬೇಕು, ಎಷ್ಟು ದಿನದೊಳಗೆ ಬರೆಯಬೇಕು. ಈ ‘ನಿಮ್ಮ’ ಎಂಬ ಪದದ ಮೇಲೆ ನನ್ನ ಕಣ್ಣು ಎಷ್ಟು ಹೊತ್ತು ನಿಂತಿತೆಂದು ಹೇಳಲಾರೆ. ನನ್ನನ್ನು ಕುರಿತ ಸುದ್ದಿ ಓದಿ ನನಗೆ ಅಭ್ಯಾಸವಿತ್ತು. ನನಗೆಂದು ಬರೆದ ಸುದ್ದಿ ಓದಿದ್ದು ಬಹುಶಃ ಅದೇ ಮೊದಲು.

ಹೀಗೆ ತಮ್ಮವರಿಗೆಂದು ಬರೆಯುವ ಕೆಲಸ ಇಂಟರ್ನೆಟ್ಟಿಗಿಂತ ಬಹಳ ಹಳೆಯದು. 1947ರಲ್ಲಿ ಲಾಸ್ ಏಂಜಲೀಸಿನ ಕಚೇರಿಯೊಂದರಲ್ಲಿ ಟೈಪಿಸ್ಟ್ ಆಗಿದ್ದ ಎಡಿತ್ ಐಡಿ ಎಂಬಾಕೆ, ಕೆಲಸವಿಲ್ಲದ ಹೊತ್ತಿನಲ್ಲಿ, ಕಾರ್ಬನ್ ಹಾಳೆಯಿಟ್ಟು ಟೈಪು ಮಾಡಿ ಹೆಣ್ಣನ್ನು ಪ್ರೀತಿಸುವ ಹೆಂಗಸರಿಗಾಗಿ ಕೆಲವೇ ಕೆಲವು ಪ್ರತಿಗಳ ಒಂದು ಪತ್ರಿಕೆ ಹೊರಡಿಸುತ್ತಿದ್ದಳು. ಓದಿ ಮುಗಿದ ಮೇಲೆ ಎಸೆಯದೆ ಇನ್ನೊಬ್ಬಳಿಗೆ ದಾಟಿಸಿ ಎಂಬುದು ಅವಳ ಕೋರಿಕೆ. ಜೆರಾಕ್ಸ್ ಅಂಗಡಿಯವನಾದ ನನಗೆ ಆ ಕಾರ್ಬನ್ ಹಾಳೆಗಳ ಮೇಲೆ ವಿಶೇಷ ಪ್ರೀತಿ. ನಮ್ಮಲ್ಲಿ 1990ರಲ್ಲಿ ಅಶೋಕ್ ರಾವ್ ಕವಿ ಅವರು ಮುಂಬೈಯಲ್ಲಿ ಸಮುದಾಯದ ಪತ್ರಿಕೆ ‘ಬಾಂಬೆ ದೋಸ್ತ್’ ಆರಂಭಿಸಿದರು. ಅದರ ಪ್ರತಿ ಮಡಿಕೇರಿಯ ಬಸ್ ನಿಲ್ದಾಣದ ಪುಸ್ತಕದಂಗಡಿಗೆ ಬರಲು ಸಾಧ್ಯವೇ ಇರಲಿಲ್ಲ, ಬಂದಿದ್ದರೂ ಅದನ್ನು ಕೈಯಲ್ಲಿ ಹಿಡಿದು ದುಡ್ಡು ಕೊಡುವ ಧೈರ್ಯ ನನಗೆ ಇರುತ್ತಿರಲಿಲ್ಲ. ಅಂಚೆಯಲ್ಲಿ ತರಿಸೋಣವೆಂದರೆ ನಮ್ಮ ತೋಟದ ಮನೆಗೆ ಬರುವ ಪೋಸ್ಟ್‌ಮ್ಯಾನ್ ಮೊದಲು ಕಾಫಿ ಕುಡಿದು, ಲಕೋಟೆಯನ್ನು ತಿರುಗಿಸಿ ನೋಡಿ, ಎಲ್ಲಿಂದ ಬಂದದ್ದು ಎಂದು ಅವ್ವನ ಹತ್ತಿರ ಮಾತಾಡಿಯೇ ಕೊಡುವವರು. ಪರದೆಯ ಮೇಲಿನ ಸುದ್ದಿಗೆ ಲಕೋಟೆಯಿಲ್ಲ, ಹೊರಬೇಕಾದ ಚೀಲವಿಲ್ಲ, ಅಟ್ಟದ ಮೇಲೆ ಅಡಗಿಸಿಡಬೇಕಾದ ಕಟ್ಟು ಇಲ್ಲ. ದೊಡ್ಡ ಊರಿನವರು ಆನ್‌ಲೈನ್ ಮಾಧ್ಯಮದ ವೇಗವನ್ನು ಹೊಗಳುತ್ತಾರೆ. ಕೊಡಗಿನಂಥ ಕಡೆ, ಒಬ್ಬರ ಮನೆತನದ ಹೆಸರು ಕೇಳಿದರೆ ಮೂರು ತಲೆಮಾರಿನ ಕತೆ ಹೇಳುವ ಕಡೆ, ಅದರ ದೊಡ್ಡ ಗುಣ ಅದು ಸದ್ದಿಲ್ಲದೆ ಬರುವುದು.

2009ರ ಜುಲೈ 2ರ ದಿನ ನೆನಪಿದೆ. ಹೊರಗೆ ಮಡಿಕೇರಿಯ ಮಳೆ, ಒಳಗೆ ಒಬ್ಬಿಬ್ಬರು ಗಿರಾಕಿಗಳು. ವಯಸ್ಕರ ನಡುವೆ ಒಪ್ಪಿಗೆಯಿಂದ, ಖಾಸಗಿಯಾಗಿ ನಡೆಯುವ ಸಂಬಂಧಕ್ಕೆ ಸೆಕ್ಷನ್ 377 ಅನ್ವಯಿಸದೆಂದು ದಿಲ್ಲಿ ಹೈಕೋರ್ಟ್ ಹೇಳಿತು. ಸಂಜೆ ಪಕ್ಕದ ಹೋಟೆಲಿನ ಟಿವಿಯಲ್ಲಿ ನಾಲ್ಕು ಜನ ಕೂತು ನಮ್ಮ ಸಂಸ್ಕೃತಿ ಎಲ್ಲಿಗೆ ಹೋಗುತ್ತಿದೆ ಎಂದು ಕೂಗಾಡುತ್ತಿದ್ದರು. ತೀರ್ಪಿನಲ್ಲಿ ಏನಿದೆಯೆಂದು ಆ ನಾಲ್ವರಲ್ಲಿ ಒಬ್ಬರೂ ಹೇಳಲಿಲ್ಲ. ರಾತ್ರಿ ನಾನು ಸಮುದಾಯದ ತಾಣಗಳನ್ನು ತೆರೆದರೆ ಅಲ್ಲಿ ತೀರ್ಪಿನ ಪೂರ್ಣ ಪಾಠವಿತ್ತು, ಸಂವಿಧಾನದ 14, 15 ಮತ್ತು 21ನೆಯ ವಿಧಿಗಳು ಅದರಲ್ಲಿ ಹೇಗೆ ಬಂದಿವೆಯೆಂಬ ವಿವರಣೆಯಿತ್ತು. 105 ಪುಟಗಳನ್ನೂ ಮುದ್ರಿಸಿದೆ. ಟೋನರ್ ಮುಗಿಯುತ್ತ ಬಂದು ಕೊನೆಯ ಪುಟಗಳು ಬೂದು ಬಣ್ಣಕ್ಕೆ ತಿರುಗಿದವು. ಕಟ್ಟನ್ನು ‘ಕರೆಂಟ್ ಬಿಲ್’ ಎಂದು ಬರೆದ ಫೈಲಿನೊಳಗೆ ಇಟ್ಟೆ. ಅದು ಈಗಲೂ ಅದೇ ಫೈಲಿನಲ್ಲಿದೆ.

ನಾಲ್ಕು ವರ್ಷದ ನಂತರ, 2013ರ ಡಿಸೆಂಬರ್ 11ರಂದು, ಸುಪ್ರೀಂ ಕೋರ್ಟ್ ಆ ತೀರ್ಪನ್ನು ರದ್ದು ಮಾಡಿತು. ದೇಶದ ಜನಸಂಖ್ಯೆಯಲ್ಲಿ ಇವರದು ಅತ್ಯಲ್ಪ ಭಾಗ ಎಂಬ ಮಾತು ಅದರಲ್ಲಿ ಬಂತು. ತೋಟಗಳಲ್ಲಿ ಅರೇಬಿಕಾ ಕೊಯ್ಲಿನ ಹೊತ್ತು. ಆ ವಾರ ನನ್ನನ್ನು ಹಿಡಿದು ನಿಲ್ಲಿಸಿದ್ದು ಸಂಪಾದಕೀಯಗಳಲ್ಲ, ಸುದ್ದಿ ತಾಣಗಳಲ್ಲಿ ಬಂದ ಸಣ್ಣ ಸಣ್ಣ ಪ್ರಶ್ನೋತ್ತರಗಳು. 2009ರಿಂದ ಈವರೆಗೆ ಬಹಿರಂಗವಾಗಿ ಹೇಳಿಕೊಂಡವರ ಗತಿಯೇನು? ಯಾರಾದರೂ ಚಾಟ್ ತೋರಿಸಿ ದುಡ್ಡು ಕೇಳಿದರೆ ಏನು ಮಾಡಬೇಕು? ಪೊಲೀಸರ ಹತ್ತಿರ ಹೋಗಬಹುದೇ, ಹೋದರೆ ಏನನ್ನು ಹೇಳಬೇಕು, ಏನನ್ನು ಹೇಳಬಾರದು? ಬೆದರಿಸಿ ಹಣ ಕೇಳುವುದು ತಾನೇ ಅಪರಾಧ, ಸಂದೇಶಗಳನ್ನು ಅಳಿಸಬೇಡಿ, ಮೊದಲ ಸಲ ಕೊಟ್ಟರೆ ಎರಡನೆಯ ಸಲ ಕೇಳಿಯೇ ಕೇಳುತ್ತಾರೆ ಎಂದು ಅಲ್ಲಿ ಬರೆದಿತ್ತು. ನಮ್ಮ ಕಡೆ ಒಬ್ಬರು ಹೀಗೆ ಬೆದರಿಕೆಗೆ ಸಿಕ್ಕಿ ಕಾಫಿ ಮಾರಿದ ದುಡ್ಡನ್ನು ಮೂರು ಕಂತಿನಲ್ಲಿ ಕೊಟ್ಟದ್ದು ನನಗೆ ಗೊತ್ತು. ಮೂರನೆಯ ಕಂತು ಕೊಟ್ಟ ಮೇಲೆ ಅವರು ನನಗೆ ಹೇಳಿದರು; ಮೊದಲನೆಯದಕ್ಕೆ ಮುಂಚೆ ಹೇಳಿದ್ದರೆ ಆ ಪುಟವನ್ನು ಮುದ್ರಿಸಿ ಕೈಗೆ ಕೊಡುತ್ತಿದ್ದೆ. ಒಂದು ಸುದ್ದಿಯ ಬೆಲೆ ಎಷ್ಟೆಂದು ಯಾರಾದರೂ ಕೇಳಿದರೆ ನನಗೆ ಆ ಮೂರು ಕಂತುಗಳ ಮೊತ್ತ ನೆನಪಾಗುತ್ತದೆ.

2016ರಲ್ಲಿ ಜಿಯೋ ಬಂದ ಮೇಲೆ ಸೈಬರ್ ಎಂಬುದು ಹೆಸರಿಗಷ್ಟೇ ಉಳಿಯಿತು. ಆರು ಕಂಪ್ಯೂಟರುಗಳು ಎರಡಾದವು, ಪಹಣಿ, ಜಾತಿ ಪ್ರಮಾಣಪತ್ರ, ಪರೀಕ್ಷೆಯ ಅರ್ಜಿ, ಜೆರಾಕ್ಸ್ ಇವೇ ದುಡಿಮೆಯಾದವು. ಓದುವವರು ತಂತಮ್ಮ ಫೋನಿನಲ್ಲಿ ಓದತೊಡಗಿದರು. ಫೋನಿನ ಪರದೆಗೆ ನಾಲ್ಕೂವರೆ ಅಡಿಯ ನಿಯಮವಿಲ್ಲ. ರೇಂಜ್ ಸಿಗುವ ಗುಡ್ಡದ ತುದಿಗೆ ಹತ್ತಿ ನಿಂತರಾಯಿತು. ಹಾಗೆ 2018ರ ಸೆಪ್ಟೆಂಬರ್ 6 ಬಂದಾಗ ಓದಲು ಯಾರೂ ನನ್ನ ಅಂಗಡಿಗೆ ಬರಬೇಕಾಗಿರಲಿಲ್ಲ, ಆದರೂ ಅಂಗಡಿಯ ತುಂಬ ಜನರಿದ್ದರು. ಆಗಸ್ಟ್ ನಡುವಿನಲ್ಲಿ ಗುಡ್ಡಗಳು ಜಾರಿ ಮೂರು ವಾರವಾಗಿತ್ತು. ಜೋಡುಪಾಲ, ಮದೆನಾಡು, ಮಕ್ಕಂದೂರು ಕಡೆಯವರು ಆಧಾರ್, ಪಡಿತರ ಚೀಟಿ, ಪಾಸ್‌ಬುಕ್ ಎಲ್ಲವನ್ನೂ ಮಣ್ಣಿನಡಿ ಬಿಟ್ಟು ಬಂದಿದ್ದರು. ಪರಿಹಾರದ ಅರ್ಜಿಗೆ ಪಹಣಿ ತೆಗೆದು ಕೊಡುವುದು, ಒದ್ದೆಯಾಗಿ ಅಂಟಿಕೊಂಡ ಕಾಗದಗಳನ್ನು ಬಿಡಿಸಿ ಜೆರಾಕ್ಸ್ ಮಾಡುವುದು ಬೆಳಗಿನಿಂದ ರಾತ್ರಿಯವರೆಗೆ ನಡೆಯುತ್ತಿತ್ತು. ಮಧ್ಯಾಹ್ನಕ್ಕೆ ಸ್ವಲ್ಪ ಮುಂಚೆ ಮೇಜಿನ ಮೇಲಿದ್ದ ಫೋನ್ ನಡುಗಿತು: ಐವರು ನ್ಯಾಯಮೂರ್ತಿಗಳು, ಒಮ್ಮತದ ತೀರ್ಪು, 377ರ ಆ ಭಾಗ ಹೋಯಿತು. ಎದುರಿಗೆ ಒಬ್ಬ ಅಜ್ಜಿ ಮಗನ ಪಹಣಿಗಾಗಿ ಸರ್ವೆ ನಂಬರ್ ನೆನಪಿಸಿಕೊಳ್ಳಲು ಒದ್ದಾಡುತ್ತಿದ್ದರು. ಫೋನನ್ನು ಬೋರಲಾಗಿಟ್ಟು ಅವರ ಸರ್ವೆ ನಂಬರ್ ಹುಡುಕಿ ಕೊಟ್ಟೆ. ಅವರು ಹೋದ ಮೇಲೆ ಮತ್ತೆ ಎತ್ತಿಕೊಂಡು ನೋಡಿದರೆ ತಾಣದ ಸಂಪಾದಕರು ಅತ್ತು ಅತ್ತು ಬರೆದ ಹಾಗಿದ್ದ ಒಂದು ಪ್ಯಾರಾ, ಅದರ ಕೆಳಗೆ ಬೆಂಗಳೂರು, ದಿಲ್ಲಿ, ಚೆನ್ನೈಗಳಲ್ಲಿ ಕುಣಿಯುವವರ ಚಿತ್ರಗಳು. ನನ್ನ ಬೆರಳಿಗೆ ಕೆಸರು ಮೆತ್ತಿತ್ತು. ಆ ಸಂತೋಷ ನನ್ನದೂ ಹೌದೆಂದು ಗೊತ್ತಿತ್ತು. ಅದು ನಡೆಯುತ್ತಿದ್ದ ಸ್ಥಳ ಮಾತ್ರ ಬೇರೆ ಯಾವುದೋ ದೇಶವೆನಿಸಿತು.

ಈ ತಾಣಗಳ ಬಗ್ಗೆ ನನ್ನ ತಕರಾರು ಅಲ್ಲಿಂದಲೇ ಶುರುವಾಗುತ್ತದೆ. ಅವು ಮಹಾನಗರದವು, ಇಂಗ್ಲಿಷಿನವು, ಸಮುದಾಯದ ‘ಪ್ರೈಡ್’ ಆಚರಣೆಯ ಜೂನ್ ತಿಂಗಳಲ್ಲಿ ಬಣ್ಣಬಣ್ಣದವು. ಅಮೆರಿಕದ ನಟನೊಬ್ಬ ತನ್ನ ಬಗ್ಗೆ ಹೇಳಿಕೊಂಡರೆ ಅದು ಮೇಲಿನ ಸುದ್ದಿ. ಗೋಣಿಕೊಪ್ಪದಲ್ಲಿ ಟ್ರಾನ್ಸ್ ಹೆಣ್ಣುಮಗಳೊಬ್ಬಳಿಗೆ, ಅಂದರೆ ಗಂಡೆಂದು ಬೆಳೆಸಿದರೂ ಹೆಣ್ಣಾಗಿ ಬದುಕುವವಳಿಗೆ, ಬಾಡಿಗೆ ಮನೆ ಸಿಗದಿದ್ದರೆ ಅದು ಯಾರಿಗೂ ಸುದ್ದಿಯಲ್ಲ. ಇದು ಸಂಪಾದಕರ ಕೆಟ್ಟತನ ಎಂದುಕೊಂಡಿದ್ದೆ, ಹಣದ ಲೆಕ್ಕ ತಿಳಿದ ಮೇಲೆ ಸ್ವಲ್ಪ ಮೆತ್ತಗಾದೆ. ಜಾಹೀರಾತುದಾರರು ತಮ್ಮ ಜಾಹೀರಾತು ಯಾವ ಪದಗಳ ಪಕ್ಕದಲ್ಲಿ ಬರಬಾರದೆಂದು ಒಂದು ಪಟ್ಟಿ ಕೊಟ್ಟಿರುತ್ತಾರೆ. ಅಶ್ಲೀಲ ಪುಟಗಳನ್ನು ತಪ್ಪಿಸಲೆಂದು ಆ ಪಟ್ಟಿಯಲ್ಲಿ ‘ಗೇ’, ‘ಲೆಸ್ಬಿಯನ್’ ಎಂಬ ಪದಗಳೂ ಸೇರಿಹೋಗುತ್ತವೆ. ಯಂತ್ರಕ್ಕೆ ಸುಪ್ರೀಂ ಕೋರ್ಟಿನ ವರದಿಗೂ ಅಶ್ಲೀಲ ಪುಟಕ್ಕೂ ವ್ಯತ್ಯಾಸ ತಿಳಿಯದು, ಹಾಗಾಗಿ ಈ ಸಮುದಾಯದ ಸುದ್ದಿಯನ್ನೇ ಬರೆಯುವ ತಾಣಕ್ಕೆ ತನ್ನ ಹೆಸರೇ ಮುಳುವಾಗುತ್ತದೆ. 2017ರಲ್ಲಿ ಮಕ್ಕಳಿಗೆ ತಕ್ಕುದಲ್ಲದ್ದನ್ನು ಮರೆಮಾಡುವ ಯೂಟ್ಯೂಬಿನ ನಿರ್ಬಂಧಿತ ವಿಧಾನದಲ್ಲಿ ಈ ಸಮುದಾಯದ ವಿಡಿಯೊಗಳು ಮರೆಯಾದಾಗ ಗಲಾಟೆಯಾಗಿ ಕಂಪನಿ ತಪ್ಪನ್ನು ಒಪ್ಪಿಕೊಂಡಿತು; ಒಪ್ಪಿಕೊಳ್ಳದೆ ನಡೆಯುವುದು ಎಷ್ಟಿದೆಯೋ. 1969ರಿಂದ ಅಮೆರಿಕದಲ್ಲಿ ಈ ಸಮುದಾಯಕ್ಕೆಂದೇ ನಡೆದುಬಂದಿದ್ದ ‘ವಾಷಿಂಗ್ಟನ್ ಬ್ಲೇಡ್’ ಪತ್ರಿಕೆಯ ಬಾಗಿಲನ್ನು 2009ರ ನವೆಂಬರಿನಲ್ಲಿ ಮಾಲೀಕ ಸಂಸ್ಥೆ ಒಂದೇ ದಿನದಲ್ಲಿ ಮುಚ್ಚಿತು, ಕೆಲಸ ಕಳೆದುಕೊಂಡವರೇ ಸೇರಿ ಅದೇ ವಾರ ಬೇರೆ ಹೆಸರಿನಲ್ಲಿ ಪತ್ರಿಕೆ ತಂದು ಮುಂದಿನ ವರ್ಷ ಹಳೆಯ ಹೆಸರನ್ನು ಮರಳಿ ಪಡೆದರು. ಲಂಡನ್ನಿನ ‘ಗೇ ಸ್ಟಾರ್ ನ್ಯೂಸ್’ 2019ರಲ್ಲಿ ಹಣವಿಲ್ಲದೆ ನಿಂತಿತು. ಅಂಥ ದೇಶಗಳಲ್ಲೇ ಹೀಗಾದರೆ, ಹಗಲು ಬೇರೆ ನೌಕರಿ ಮಾಡಿ ರಾತ್ರಿ ಸುದ್ದಿ ಬರೆಯುವ ನಮ್ಮವರಿಗೆ ಗೋಣಿಕೊಪ್ಪಕ್ಕೆ ವರದಿಗಾರನನ್ನು ಕಳಿಸಿ ಎಂದು ಹೇಳಲು ನನಗೆ ಬಾಯಿ ಬರುವುದಿಲ್ಲ.

ಓದುಗರು ದೇಣಿಗೆ ಕೊಡಬಹುದಲ್ಲ ಎಂದು ಕೇಳಬಹುದು. ನಾನೂ ಒಮ್ಮೆ ಐನೂರು ರೂಪಾಯಿ ಕಳಿಸಲು ಹೊರಟಿದ್ದೆ. ಅಂಗಡಿಯ ಖಾತೆ ನನ್ನ ಮತ್ತು ತಮ್ಮನ ಜಂಟಿ ಹೆಸರಿನಲ್ಲಿದೆ, ಯುಪಿಐಯಲ್ಲಿ ಕಳಿಸಿದರೆ ಸ್ವೀಕರಿಸಿದವರ ಹೆಸರು ಸ್ಟೇಟ್‌ಮೆಂಟಿನಲ್ಲಿ ಕೂರುತ್ತದೆ. ಬೆರಳನ್ನು ಹಿಂದೆ ತೆಗೆದುಕೊಂಡೆ. ಯಾರಿಗೆ ಆ ಸುದ್ದಿ ಅತ್ಯಗತ್ಯವೋ ಅವರೇ ಅದಕ್ಕೆ ದುಡ್ಡು ಕೊಡಲಾರದ ವಿಚಿತ್ರ ವ್ಯಾಪಾರ ಇದು.

ಭಾಷೆಯ ವಿಷಯ ಇನ್ನೂ ಕಷ್ಟದ್ದು. ನಮ್ಮ ಮನೆಮಾತು ಅರೆಭಾಷೆ. ಅದರಲ್ಲಿ ನನ್ನಂಥವನಿಗೆ ನಾನು ಕೇಳಿದ ಹೆಸರುಗಳೆಲ್ಲ ಬೈಗುಳಗಳೇ. ಪತ್ರಿಕೆಯ ಕನ್ನಡಕ್ಕೆ ಬಂದರೆ ‘ಸಲಿಂಗಕಾಮಿ’. ಗಂಡ ಹೆಂಡಿರ ಸಂಸಾರವನ್ನು ವರ್ಣಿಸುವಾಗ ಯಾವ ವರದಿಗಾರನೂ ‘ವಿಭಿನ್ನಲಿಂಗಕಾಮಿ ದಂಪತಿ ಮನೆ ಖರೀದಿಸಿದರು’ ಎಂದು ಬರೆಯುವುದಿಲ್ಲ. ನಮ್ಮ ಹೆಸರಿನೊಳಗೆ ಮಾತ್ರ ಕಾಮವನ್ನು ಮೊಳೆ ಹೊಡೆದು ಕೂರಿಸಲಾಗಿದೆ. ‘ಸಲಿಂಗಪ್ರೇಮಿ’ ಎಂದು ತಿದ್ದಿದರೆ ಸ್ವಲ್ಪ ಉಸಿರಾಡುತ್ತದೆ, ಆದರೆ ಕತೆ ಕವಿತೆಯ ವಾಸನೆ ಬರುತ್ತದೆ. ‘ಲೈಂಗಿಕ ಅಲ್ಪಸಂಖ್ಯಾತರು’, ‘ಲಿಂಗತ್ವ ಅಲ್ಪಸಂಖ್ಯಾತರು’ ಎಂಬವು ಸರ್ಕಾರಿ ಕಡತಕ್ಕೂ ಹೋರಾಟದ ಕರಪತ್ರಕ್ಕೂ ಒಪ್ಪುತ್ತವೆ, ಒಬ್ಬ ಮನುಷ್ಯ ತನ್ನ ಅಕ್ಕನಿಗೆ ‘ನಾನು ಲೈಂಗಿಕ ಅಲ್ಪಸಂಖ್ಯಾತ’ ಎಂದು ಹೇಳುವುದನ್ನು ನನಗೆ ಊಹಿಸಲು ಆಗುವುದಿಲ್ಲ. ‘ಮಂಗಳಮುಖಿ’ ಗೌರವದ ಹೆಸರೆಂದು ಹಲವರು ಬಳಸುತ್ತಾರೆ; ಅದು ಎಲ್ಲ ಟ್ರಾನ್ಸ್ ವ್ಯಕ್ತಿಗಳಿಗೂ ಹೊಂದುವುದಿಲ್ಲ, ಟ್ರಾನ್ಸ್ ಗಂಡಸರಿಗಂತೂ ಹೊಂದುವುದೇ ಇಲ್ಲ. ತಮಿಳುನಾಡಿನಲ್ಲಿ 2021ರ ಜೂನಿನಲ್ಲಿ ಮದ್ರಾಸ್ ಹೈಕೋರ್ಟಿನ ನ್ಯಾಯಮೂರ್ತಿ ಆನಂದ್ ವೆಂಕಟೇಶ್ ಅವರು ಇಬ್ಬರು ಯುವತಿಯರ ಪ್ರಕರಣದಲ್ಲಿ ಕೊಟ್ಟ ಆದೇಶದಿಂದ ಆರಂಭವಾದ ಕೆಲಸ, ಮರುವರ್ಷ ಗೌರವದ ತಮಿಳು ಪದಗಳ ಪಟ್ಟಿಯನ್ನು ಸರ್ಕಾರವೇ ಗೆಜೆಟ್ಟಿನಲ್ಲಿ ಪ್ರಕಟಿಸುವವರೆಗೆ ಹೋಯಿತು. ಆ ಪದಗಳನ್ನು ಹುಡುಕಿ ಕೊಟ್ಟವರಲ್ಲಿ ಸಮುದಾಯದ ಬರಹಗಾರರೂ ಪ್ರಕಾಶಕರೂ ಇದ್ದರು. ಪದ ಯಾವ ಸಮಿತಿಯಲ್ಲೂ ಹುಟ್ಟುವುದಿಲ್ಲ ಎಂಬುದು ನನ್ನ ನಂಬಿಕೆ. ದಿನವೂ ಸುದ್ದಿ ಬರೆಯಬೇಕಾದವನಿಗೆ ಇವತ್ತು ಸಂಜೆಯೊಳಗೆ ಒಂದು ಪದ ಬೇಕೇಬೇಕಾಗುತ್ತದೆ, ಆ ತುರ್ತಿನಲ್ಲಿ ಹುಟ್ಟುತ್ತದೆ. ಕನ್ನಡದಲ್ಲಿ ಅಂಥ ದಿನನಿತ್ಯದ ಬರವಣಿಗೆ ಇಂಗ್ಲಿಷಿನಷ್ಟು ಬೆಳೆಯದಿರುವುದರಿಂದಲೇ ನಮ್ಮ ಪದಗಳು ಇನ್ನೂ ಒಂದೋ ಠಾಣೆಯವು, ಇಲ್ಲವೇ ಕಚೇರಿಯವು.

ಕರ್ನಾಟಕದಲ್ಲಿ ಬರೆಯಲು ವಿಷಯ ಕಡಿಮೆಯೆಂದೇನೂ ಅಲ್ಲ. 2021ರಲ್ಲಿ ಸರ್ಕಾರಿ ಹುದ್ದೆಗಳಲ್ಲಿ ಟ್ರಾನ್ಸ್ ವ್ಯಕ್ತಿಗಳಿಗೆ 1% ಮೀಸಲಾತಿ ತಂದ ಮೊದಲ ರಾಜ್ಯ ನಮ್ಮದು. ಅದೇ ವರ್ಷ ನವೆಂಬರಿನಲ್ಲಿ ಮಂಜಮ್ಮ ಜೋಗತಿಯವರು ರಾಷ್ಟ್ರಪತಿ ಭವನದಲ್ಲಿ ಪದ್ಮಶ್ರೀ ಸ್ವೀಕರಿಸುವ ಮುನ್ನ ಸೆರಗಿನಿಂದ ರಾಷ್ಟ್ರಪತಿಗಳ ದೃಷ್ಟಿ ತೆಗೆದ ಚಿತ್ರವನ್ನು ನೋಡದ ಕನ್ನಡಿಗರಿಲ್ಲ, ನಮ್ಮ ಅವ್ವ ಅದನ್ನು ನೋಡಿ “ಎಷ್ಟು ಚಂದ” ಎಂದದ್ದು ನನ್ನ ಬದುಕಿನ ಸಣ್ಣ ಸಮಾಧಾನಗಳಲ್ಲಿ ಒಂದು. ಆದರೆ ಆ 1%ದ ಅರ್ಜಿಯಲ್ಲಿ ಯಾವ ಕಾಲಂ ತುಂಬಬೇಕು, ಜಿಲ್ಲಾಧಿಕಾರಿಗಳಿಂದ ಪಡೆಯಬೇಕಾದ ಗುರುತಿನ ಪ್ರಮಾಣಪತ್ರಕ್ಕೆ ಕೇಂದ್ರದ ಪೋರ್ಟಲಿನಲ್ಲಿ ಏನೇನು ಲಗತ್ತಿಸಬೇಕು ಎಂದು ಕನ್ನಡದಲ್ಲಿ ಒಂದೇ ಪುಟದಲ್ಲಿ ಬರೆದದ್ದು ಬೇಕಾದಾಗ ನಾನು ಎರಡು ರಾತ್ರಿ ಹುಡುಕಿದೆ. ಕೊನೆಗೆ ಇಂಗ್ಲಿಷಿನದನ್ನು ನಾನೇ ಕನ್ನಡ ಮಾಡಿ, ಬಂದವರಿಗೆ ಕೈಬರಹದ ಒಂದು ಹಾಳೆಯನ್ನು ಜೆರಾಕ್ಸ್ ಮಾಡಿ ಕೊಡುತ್ತೇನೆ. ಎಡಿತ್ ಐಡಿಯ ಕಾರ್ಬನ್ ಹಾಳೆ ಆಗ ನೆನಪಾಗುತ್ತದೆ.

ಇನ್ನೊಂದು ಸಂಗತಿಯನ್ನು ಸಮುದಾಯದ ಪತ್ರಕರ್ತರೇ ಹೆಚ್ಚು ಯೋಚಿಸಬೇಕೆಂದು ನನಗೆ ಅನಿಸುತ್ತದೆ. ಕೆಲವು ವರ್ಷಗಳ ಹಿಂದೆ ಯುವಕನೊಬ್ಬ ಅಂಗಡಿಗೆ ಬಂದು, ಸುತ್ತ ನೋಡಿ, ಫೋನ್ ನನ್ನತ್ತ ಚಾಚಿ, “ಅಣ್ಣ, ಇದನ್ನು ನೆಟ್ಟಿಂದ ತೆಗೆಯಲಿಕ್ಕೆ ಆಗ್ತದಾ?” ಎಂದ. ಬೆಂಗಳೂರಿನಲ್ಲಿ ಓದುತ್ತಿದ್ದಾಗ ಸಮುದಾಯದ ಮೆರವಣಿಗೆಯೊಂದರಲ್ಲಿ ತೆಗೆದ ಅವನ ಚಿತ್ರ, ಹೆಸರು, ಊರು, ಎರಡು ಸಾಲಿನ ಮಾತು. ಆಗ ಅವನಿಗೆ 19. ಈಗ ಅಪ್ಪನಿಗೆ ಹುಷಾರಿಲ್ಲದೆ ತೋಟ ನೋಡಿಕೊಳ್ಳಲು ಊರಿಗೆ ಬಂದಿದ್ದಾನೆ, ಅವನ ಹೆಸರು ಹುಡುಕಿದರೆ ಮೊದಲು ಬರುವುದು ಅದೇ ಚಿತ್ರ. ಆ ಚಿತ್ರ ಪ್ರಕಟಿಸಿದ ಸಮುದಾಯದ ತಾಣದವರು ಅವನ ಒಪ್ಪಿಗೆ ಪಡೆದೇ ಪ್ರಕಟಿಸಿದ್ದರು, ತಪ್ಪೇನೂ ಮಾಡಿರಲಿಲ್ಲ. ಮುದ್ರಿತ ಪತ್ರಿಕೆಯಾಗಿದ್ದರೆ ಅಷ್ಟೊತ್ತಿಗೆ ಅದು ಯಾರದೋ ಮನೆಯ ಅಟ್ಟದಲ್ಲಿ ಗೆದ್ದಲಿಗೆ ಹೋಗಿರುತ್ತಿತ್ತು. ಸದ್ದಿಲ್ಲದೆ ಬರುವ ಸುದ್ದಿಗೆ ಸದ್ದಿಲ್ಲದೆ ಹೋಗಲು ಬರುವುದಿಲ್ಲ. ನಾವಿಬ್ಬರೂ ಕೂತು ಸಂಪಾದಕರಿಗೆ ಪತ್ರ ಬರೆದೆವು; ಹತ್ತು ದಿನದೊಳಗೆ ಹೆಸರನ್ನು ಮೊದಲಕ್ಷರಕ್ಕೆ ಇಳಿಸಿ, ಊರನ್ನು ತೆಗೆದು, ಮುಖವನ್ನು ಮಸುಕು ಮಾಡಿ ಕೊಟ್ಟರು. ಅದೇ ಚಿತ್ರವನ್ನು ಅಲ್ಲಿಂದ ಎತ್ತಿ ಹಾಕಿಕೊಂಡಿದ್ದ ದೊಡ್ಡ ಮಾಧ್ಯಮವೊಂದು ಉತ್ತರವನ್ನೇ ಬರೆಯಲಿಲ್ಲ. ತಮ್ಮ ಓದುಗ ಯಾರೆಂದು ಗೊತ್ತಿರುವವರಿಗೂ ಗೊತ್ತಿಲ್ಲದವರಿಗೂ ಇರುವ ಅಂತರ ಆ ಹತ್ತು ದಿನಗಳಲ್ಲಿ ನನಗೆ ಕಂಡಿತು.

ಸಲಿಂಗ ಜೋಡಿಗಳ ಮದುವೆಗೆ ಮಾನ್ಯತೆ ಕೇಳಿದ ಮೊಕದ್ದಮೆಯ ವಿಚಾರಣೆ ಸುಪ್ರೀಂ ಕೋರ್ಟಿನಲ್ಲಿ 2023ರ ಏಪ್ರಿಲ್ 18ರಿಂದ ಹತ್ತು ದಿನ ನಡೆದಾಗ ಕಲಾಪ ನೇರ ಪ್ರಸಾರವಾಗುತ್ತಿತ್ತು. ಅದನ್ನು ಫೋನಿನಲ್ಲಿ ಹಾಕಿಕೊಂಡು, ಕಿವಿಗೊಂದು ತಂತಿ ಸಿಕ್ಕಿಸಿ, ಜೆರಾಕ್ಸ್ ಮಾಡುತ್ತ ಕೇಳಿದೆ. ಅರ್ಧಕ್ಕರ್ಧ ಅರ್ಥವಾಗದಿದ್ದುದನ್ನು ರಾತ್ರಿ ತಾಣಗಳ ವರದಿಯಲ್ಲಿ ಓದಿ ತಿಳಿದುಕೊಳ್ಳುತ್ತಿದ್ದೆ. ತೀರ್ಪು ಅಕ್ಟೋಬರ್ 17ರಂದು ಬಂತು. ತುಲಾ ಸಂಕ್ರಮಣದ ಹೊತ್ತು, ಆ ನಡುರಾತ್ರಿ ಕಳೆದ ಮೇಲೆ ತಲಕಾವೇರಿಯಲ್ಲಿ ತೀರ್ಥೋದ್ಭವ, ಮಡಿಕೇರಿಯಿಂದ ಭಾಗಮಂಡಲದ ದಾರಿಯುದ್ದಕ್ಕೂ ವಾಹನಗಳು. ಮದುವೆ ಮೂಲಭೂತ ಹಕ್ಕಲ್ಲವೆಂದು ಐವರು ನ್ಯಾಯಮೂರ್ತಿಗಳೂ ಹೇಳಿದರು, ಸಂಬಂಧಕ್ಕೆ ಕಾನೂನಿನ ಮಾನ್ಯತೆ ಕೊಡುವ ವಿಷಯದಲ್ಲಿ 3:2ರಿಂದ ಸೋಲಾಯಿತು. ಟಿವಿಗೆ ಕತೆ ಅಲ್ಲಿಗೆ ಮುಗಿಯಿತು, ಮರುದಿನದಿಂದ ಬೇರೆ ಸುದ್ದಿ. ಸಮುದಾಯದ ತಾಣಗಳು ಮಾತ್ರ ತೀರ್ಪಿನೊಳಗೆ ಉಳಿದಿದ್ದ ಒಂದು ಸಣ್ಣ ಸಂಗತಿಯ ಬೆನ್ನು ಬಿಡಲಿಲ್ಲ: ಇಂಥ ಜೋಡಿಗಳ ದಿನನಿತ್ಯದ ತೊಂದರೆಗಳನ್ನು ಪರಿಶೀಲಿಸಲು ಸಮಿತಿಯೊಂದನ್ನು ಮಾಡುವುದಾಗಿ ಕೇಂದ್ರ ಸರ್ಕಾರ ಕೋರ್ಟಿಗೆ ಹೇಳಿತ್ತು. ಸಮಿತಿ ಆಯಿತೇ, ಯಾರು ಇದ್ದಾರೆ, ಏನು ಹೇಳಿತು ಎಂದು ಅವು ಕೇಳುತ್ತಲೇ ಇದ್ದವು. 2024ರ ಆಗಸ್ಟ್ 28ರಂದು ಹಣಕಾಸು ಸಚಿವಾಲಯ ಒಂದು ಪ್ರಕಟಣೆ ಹೊರಡಿಸಿತು: ಸಮುದಾಯದವರು ಜಂಟಿ ಖಾತೆ ತೆರೆಯಲು, ಸಂಗಾತಿಯನ್ನು ನಾಮಿನಿ ಮಾಡಲು ಯಾವ ನಿರ್ಬಂಧವೂ ಇಲ್ಲ. ಸಂಗಾತಿಗಳನ್ನು ಪಡಿತರ ಚೀಟಿಯಲ್ಲಿ ಒಂದೇ ಮನೆಯವರೆಂದು ಪರಿಗಣಿಸಬೇಕೆಂದೂ ಸೂಚನೆ ಬಂತು.

ಅದಾಗಿ ಎರಡು ಮೂರು ತಿಂಗಳಿಗೆ, ಪುತ್ತರಿಯ ಹತ್ತಿರ, ನಡುವಯಸ್ಸಿನ ಇಬ್ಬರು ಹೆಂಗಸರು ಅಂಗಡಿಗೆ ಬಂದರು. ಇಬ್ಬರೂ ಒಂದೇ ಮನೆಯಲ್ಲಿ ಹತ್ತಾರು ವರ್ಷದಿಂದ ಇರುವವರು. ಊರಿನವರ ಲೆಕ್ಕದಲ್ಲಿ ದೂರದ ಅಕ್ಕತಂಗಿಯರು. ಬ್ಯಾಂಕಿನಲ್ಲಿ ಕೇಳಿದರೆ ನಾಮಿನಿಗೆ ಸಂಬಂಧ ಏನೆಂದು ಬರೆಯಬೇಕು, ಸುಮ್ಮನೆ ಸ್ನೇಹಿತೆ ಎಂದರೆ ಆಗುವುದಿಲ್ಲ ಎಂದು ಗುಮಾಸ್ತರು ಹಿಂದಕ್ಕೆ ಕಳಿಸಿದ್ದರಂತೆ. ಇವರ ಫೋನಿನಲ್ಲಿ ಸಮುದಾಯದ ತಾಣವೊಂದರ ಪುಟವಿತ್ತು. “ಅಣ್ಣ, ಇದರದ್ದು ಎರಡು ಪ್ರಿಂಟ್ ಬೇಕಿತ್ತು. ಮ್ಯಾನೇಜರಿಗೆ ತೋರಿಸಲಿಕ್ಕೆ.” ಪುಟದ ನೆತ್ತಿಯ ಮೇಲೆ ತಾಣದ ಹೆಸರು ಕಾಮನಬಿಲ್ಲಿನ ಬಣ್ಣದಲ್ಲಿ ದೊಡ್ಡದಾಗಿತ್ತು. ನಾನು ಅದನ್ನೇ ನೋಡುತ್ತಿರುವುದನ್ನು ಅವರೂ ನೋಡಿದರು. ವರದಿಯ ಕೊನೆಯಲ್ಲಿ ಸರ್ಕಾರದ ಮೂಲ ಪ್ರಕಟಣೆಗೆ ಕೊಂಡಿ ಕೊಟ್ಟಿದ್ದರು. ಅದನ್ನು ಒತ್ತಿ ಸಚಿವಾಲಯದ ಪುಟವನ್ನು ತೆರೆದು, “ಬ್ಯಾಂಕಿಗೆ ಇದು ಸಾಕು ಅಕ್ಕ, ಸರ್ಕಾರದ್ದೇ ಉಂಟು” ಎಂದೆ. ದೊಡ್ಡವರು ಒಂದು ನಿಮಿಷ ಯೋಚಿಸಿ, ಆಗಲಿ, ಆದರೆ ಆ ಮೊದಲನೆಯದೂ ಒಂದಿರಲಿ ಎಂದರು. ಕಪ್ಪು ಬಿಳುಪಿನಲ್ಲಿ ಮುದ್ರಿಸಲೇ ಎಂದು ಕೇಳಿದೆ. ಕಲರಿಗೆ ಎಷ್ಟು ಎಂದು ಸಣ್ಣವರು ಕೇಳಿದರು. ಹತ್ತು ರೂಪಾಯಿ ಎಂದೆ. ಸರ್ಕಾರದ ಕಾಗದವನ್ನು ಪಾಸ್‌ಬುಕ್ಕಿನ ಜೊತೆ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿಕೊಂಡರು. ಬಣ್ಣದ ಪುಟವನ್ನು ಒದ್ದೆಯಾಗದಂತೆ ನಾಲ್ಕು ಮಡಿಕೆ ಮಾಡಿ, ಏಲಕ್ಕಿ ಪೊಟ್ಟಣದ ಕೆಳಗೆ, ಕೈಚೀಲದ ತಳಕ್ಕೆ ಇಟ್ಟುಕೊಂಡು, ಛತ್ರಿ ಬಿಚ್ಚಿ ಬ್ಯಾಂಕಿನ ಕಡೆ ಇಳಿದುಹೋದರು.